ಹುಲ್ಲುಹಾಸಿನ ಮದ್ದು ಮತ್ತು ಮನೆಯ ನಾಯಿ

ಹೋದ ವರ್ಷದ ಬೇಸಗೆ ರಜೆಯಲ್ಲಿ ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಮೂರು ವಾರ ಇರುವ ಅವಕಾಶ ನನಗೆ ದೊರೆಯಿತು. ಅತಿಥಿಯಾದ ನನಗೆ ಆ ಮನೆಯಲ್ಲಿ ವಹಿಸಿದ್ದ ಕೆಲಸ ಒಂದೇ: ಬೆಳಿಗ್ಗೆ ನಾಯಿಯನ್ನು ಸುತ್ತಾಡಿಸಿಕೊಂಡು ಬರುವುದು. ಎರಡನೆಯ ವಾರದ ಒಂದು ದಿನ, ಬೀದಿಯ ತಿರುವಿನಲ್ಲಿದ್ದ ಮನೆಯ ಮುಂದೆ, ಹಸಿರು ಹುಲ್ಲಿನ ಅಂಚಿನಲ್ಲಿ, ಗೇಣುದ್ದದ ಕಡ್ಡಿಗೆ ಸಿಕ್ಕಿಸಿದ ಹಳದಿಯ ಚಿಕ್ಕ ಬಾವುಟವೊಂದು ಕಾಣಿಸಿತು. ಯಾವುದೋ ಹಬ್ಬವೋ ಚುನಾವಣೆಯೋ ಇರಬೇಕೆಂದು ನಾನು ಭಾವಿಸಿದೆ. ನಾಯಿ ಏನು ಭಾವಿಸಿತೋ ತಿಳಿಯದು. ಅದು ನೇರವಾಗಿ ಅಲ್ಲಿಗೆ ಹೋಗಿ, ಹುಲ್ಲಿನಲ್ಲಿ ಮೂಗನ್ನು ಹೂತು, ಬಹಳ ಹೊತ್ತು ಮೂಸಿ, ಕೊನೆಗೆ ಆ ಬಾವುಟದ ಕಡ್ಡಿಗೇ ಕಾಲೆತ್ತಿ ತನ್ನ ನಿತ್ಯವಿಧಿಯನ್ನು ಮುಗಿಸಿತು. ಮನೆಗೆ ಬಂದು ಇದನ್ನು ತಮಾಷೆಯೆಂದು ಹೇಳಿದಾಗ ಅಕ್ಕ ನಗಲಿಲ್ಲ. "ಅಯ್ಯೋ, ಅದು ಮದ್ದು ಹೊಡೆದ ಗುರುತು ಕಣೋ! ಒಣಗುವವರೆಗೆ ಮಕ್ಕಳು, ನಾಯಿಗಳು ಅದರ ಮೇಲೆ ಕಾಲಿಡಬಾರದು ಅಂತ ಅದರಲ್ಲೇ ಬರೆದಿರುತ್ತೆ. ನೀನು ಓದಲಿಲ್ಲವೆ?" ಎಂದವಳೇ ನಾಯಿಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ನಾಲ್ಕು ಕಾಲುಗಳನ್ನೂ ಸೋಪು ಹಚ್ಚಿ ತೊಳೆದಳು.

ನಾನು ಓದಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಓದುವುದನ್ನೂ ಓದಿಸುವುದನ್ನೂ ಕಸುಬಾಗಿ ಮಾಡಿಕೊಂಡ ನಾನೇ ಓದದೆ ಮುಂದೆ ಹೋದ ಬಾವುಟವನ್ನು ನಾಯಿ ಓದೀತೆಂದು ನಿರೀಕ್ಷಿಸುವುದು ಹೇಗೆ? ಆದರೂ ಆ ದೇಶದ ಬಹುಪಾಲು ಊರುಗಳಲ್ಲಿ ಹುಲ್ಲುಹಾಸಿನ ರಾಸಾಯನಿಕಗಳಿಂದ ನಾಯಿಗೆ ಇರುವ ರಕ್ಷಣೆ ಹೆಚ್ಚುಕಡಿಮೆ ಇಷ್ಟೇ: ಒಂದು ಬಾವುಟ, ಡಬ್ಬಿಯ ಮೇಲೆ ಸಣ್ಣ ಅಕ್ಷರದ ಎಚ್ಚರಿಕೆ, ಯಜಮಾನನ ಜಾಗರೂಕತೆ. ಇದು ಸಾಕೇ ಸಾಲದೇ ಎಂಬ ಪ್ರಶ್ನೆ ಉತ್ತರ ಅಮೆರಿಕದ ಪಟ್ಟಣಸಭೆಗಳನ್ನೂ ನ್ಯಾಯಾಲಯಗಳನ್ನೂ ಮೂವತ್ತೈದು ವರ್ಷಗಳಿಂದ ಕಾಡುತ್ತಿದೆ. ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಕುರಿತು ದೊರೆತಷ್ಟನ್ನು ಓದಿದೆ. ಹಾಗೆ ಓದಿ ತಿಳಿದುದನ್ನು ವಾಚಕರ ಮುಂದೆ ಇಡುವುದು ಈ ಬರಹದ ಉದ್ದೇಶ.

ಮೊದಲು ಆ ಹುಲ್ಲಿನ ಮಾತು. ನಮ್ಮಲ್ಲಿ ಮನೆಯ ಮುಂದಿನ ನೆಲವೆಂದರೆ ಸಾರಿಸಿ ರಂಗೋಲಿಯಿಡುವ ಅಂಗಳ. ಅಲ್ಲಿ ಅದು ಒಂದೇ ಎತ್ತರಕ್ಕೆ, ಒಂದೇ ಬಣ್ಣಕ್ಕೆ ಕತ್ತರಿಸಿದ ಹುಲ್ಲು. ಉಪಗ್ರಹದ ಚಿತ್ರಗಳ ಆಧಾರದಿಂದ 2005ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ಮನೆ, ಉದ್ಯಾನ, ಗಾಲ್ಫ್ ಮೈದಾನಗಳೆಲ್ಲ ಸೇರಿ ಅಮೆರಿಕದಲ್ಲಿ ಹುಲ್ಲುಹಾಸು ಆವರಿಸಿರುವ ನೆಲ ಸುಮಾರು 1,63,800 ಚದರ ಕಿಲೋಮೀಟರು. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು. ನಮ್ಮ ನಾಡಿಗೆ ಕೊಂಚವೇ ಕಡಿಮೆಯಾದ ಒಂದು ರಾಜ್ಯದ ತುಂಬ ಯಾರೂ ತಿನ್ನದ, ದನಕ್ಕೂ ಹಾಕದ ಹುಲ್ಲನ್ನು ಬೆಳೆದಂತಾಯಿತು! ನೀರು ಹಾಯಿಸಿ ಬೆಳೆಯುವ ಬೆಳೆಗಳಲ್ಲಿ ಆ ದೇಶಕ್ಕೆ ಇದೇ ಎಲ್ಲಕ್ಕಿಂತ ದೊಡ್ಡದೆಂದು ಆ ಅಂದಾಜು ಮಾಡಿದವರು ಹೇಳಿದ್ದಾರೆ.

ಕನ್ನಡದಲ್ಲಿ 'ಕಳೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಪೈರಿನ ನಡುವೆ ಬೇಡದೆ ಬೆಳೆಯುವ ಗಿಡ ಒಂದು. ಮುಖದ ಮೇಲಿನ ಕಾಂತಿ ಇನ್ನೊಂದು. ಎರಡಕ್ಕೂ ಮೂಲ ಬೇರೆ ಬೇರೆ, ರೂಪ ಒಂದೇ. ಅಮೆರಿಕದ ಗೃಹಸ್ಥ ಮನೆಗೆ ಕಳೆ ಬರಲೆಂದು ಕಳೆಯ ಮೇಲೆ ಯುದ್ಧ ಸಾರಿದ್ದಾನೆ. ಆದರೆ ಕಳೆ ಎಂದರೆ ಯಾವುದು? ಅದನ್ನು ನಿರ್ಣಯಿಸುವುದು ಸಸ್ಯಶಾಸ್ತ್ರವಲ್ಲ, ರುಚಿ. ಕೆಲವೊಮ್ಮೆ ರುಚಿಯೂ ಅಲ್ಲ, ಮಾರಾಟ. ಎರಡನೆಯ ಮಹಾಯುದ್ಧದವರೆಗೂ ಅಲ್ಲಿ ಹುಲ್ಲಿನ ಬೀಜದ ಜತೆಗೆ ಬಿಳಿಯ ಕ್ಲೋವರಿನ ಬೀಜವನ್ನೂ ಬೆರೆಸಿ ಬಿತ್ತುತ್ತಿದ್ದರು. ನಮ್ಮ ಮೆಂತ್ಯದ ಬಳಗಕ್ಕೆ ಸೇರಿದ, ಅದರಂತೆಯೇ ಮೂರೆಲೆಯ ಈ ಚಿಕ್ಕ ಗಿಡ ಗಾಳಿಯಲ್ಲಿನ ಸಾರಜನಕವನ್ನು ನೆಲಕ್ಕೆ ಇಳಿಸಿ ಹುಲ್ಲಿಗೆ ಬಿಟ್ಟಿ ಗೊಬ್ಬರ ಒದಗಿಸುತ್ತಿತ್ತು. ಯುದ್ಧಕಾಲದ ಸಂಶೋಧನೆಯ ಫಲವಾಗಿ 1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕ ಪೇಟೆಗೆ ಬಂದಿತು. ಸಸ್ಯಗಳ ಬೆಳವಣಿಗೆಯನ್ನು ಆಳುವ ಆಕ್ಸಿನ್ ಎಂಬ ರಸದ ವೇಷವನ್ನು ಇದು ಧರಿಸುತ್ತದೆ. ಅಗಲ ಎಲೆಯ ಗಿಡಗಳು ಇದನ್ನು ಹೀರಿ, ಲಗಾಮಿಲ್ಲದೆ ಬೆಳೆದು, ತಿರುಚಿಕೊಂಡು ಸಾಯುತ್ತವೆ. ಹುಲ್ಲಿನ ಜಾತಿಯವು ಉಳಿಯುತ್ತವೆ. ಹಳದಿ ಹೂವಿನ ಡ್ಯಾಂಡೆಲಯನ್ ಸತ್ತಿತು. ಅದರೊಡನೆ ಕ್ಲೋವರೂ ಸತ್ತಿತು. ಮದ್ದು ಬದಲಾಗುವಂತಿರಲಿಲ್ಲ. ಆದುದರಿಂದ ಗಿಡದ ಹೆಸರೇ ಬದಲಾಯಿತು: ನಿನ್ನೆಯವರೆಗೆ ಹಣ ಕೊಟ್ಟು ಬಿತ್ತುತ್ತಿದ್ದ ಕ್ಲೋವರು ಕಳೆಯೆನಿಸಿತು. ಇನ್ನೊಂದು ವಿನೋದವೆಂದರೆ, ನಾವು ಗಣಪತಿಗೆ ಏರಿಸುವ ಗರಿಕೆ ಅಮೆರಿಕದ ದಕ್ಷಿಣ ಭಾಗದಲ್ಲಿ ಗೌರವಾನ್ವಿತ ಹುಲ್ಲುಹಾಸು. ಉತ್ತರದಲ್ಲಿ ಅದೇ ಗರಿಕೆ ಬೇರುಸಹಿತ ಕೀಳಬೇಕಾದ ಪೀಡೆ.

ಇಲ್ಲಿ ನ್ಯಾಯಕ್ಕಾಗಿ ಒಂದು ಮಾತನ್ನು ಹೇಳಬೇಕು. ವಿಯಟ್ನಾಮಿನ ಕಾಡುಗಳ ಮೇಲೆ ಸುರಿದ 'ಏಜೆಂಟ್ ಆರೆಂಜ್' ಮಿಶ್ರಣದಲ್ಲಿ ಅರ್ಧ 2,4-ಡಿ ಇತ್ತೆಂಬ ಕಾರಣದಿಂದ ಅದನ್ನು ನರಕದ ವಸ್ತುವೆಂದೇ ಬಣ್ಣಿಸುವವರಿದ್ದಾರೆ. ಆ ಮಿಶ್ರಣದ ಕುಪ್ರಸಿದ್ಧ ಡಯಾಕ್ಸಿನ್ ಬಂದದ್ದು ಉಳಿದರ್ಧವಾದ 2,4,5-ಟಿ ಎಂಬುದರಿಂದ. ಸಹವಾಸದೋಷವನ್ನೇ ಅಪರಾಧವೆಂದು ಎಣಿಸಬಾರದು. ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಲೇಬಲಿನಂತೆ ಬಳಸಿದರೆ ತೊಂದರೆಯಿಲ್ಲವೆಂದು 2,4-ಡಿಗೆ ಅನುಮತಿಯನ್ನು ಮುಂದುವರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಮನುಷ್ಯರಲ್ಲಿ 'ಕ್ಯಾನ್ಸರ್ ತರಬಹುದಾದ' ವಸ್ತುಗಳ ಸಾಲಿಗೆ ಸೇರಿಸಿತು. ತಜ್ಞರ ಎರಡು ಪೀಠಗಳು ಹೀಗೆ ಎರಡು ದನಿಯಲ್ಲಿ ಮಾತನಾಡುವಾಗ ಸಾಮಾನ್ಯನ ಪಾಡೇನು? ಸಾಮಾನ್ಯನದು ಹೋಗಲಿ, ಅವನ ನಾಯಿಯ ಪಾಡೇನು?

ಏಕೆಂದರೆ ನಾಯಿ ಮನುಷ್ಯನಿಗಿಂತ ಈ ಮದ್ದಿಗೆ ಬಹಳ ಹತ್ತಿರ. ನಾವು ಹುಲ್ಲಿನ ಮೇಲೆ ಐದಡಿ ಎತ್ತರದಲ್ಲಿ ಉಸಿರಾಡಿದರೆ ಅದು ಹುಲ್ಲಿನೊಳಗೇ ಉಸಿರಾಡುತ್ತದೆ. ನಮಗೆ ಪಾದರಕ್ಷೆ ಉಂಟು. ಅದು ಬರಿಗಾಲಿನಲ್ಲಿ ಓಡಾಡಿ, ಹೊಟ್ಟೆಯನ್ನು ನೆಲಕ್ಕೊತ್ತಿ ಹೊರಳಾಡಿ, ಅನಂತರ ಮೂಲೆಯಲ್ಲಿ ಕುಳಿತು ತನ್ನ ಪಾದಗಳನ್ನೂ ಮೈಯನ್ನೂ ನೆಕ್ಕುತ್ತದೆ. ಕೈ ತೊಳೆಯುವ ಬದಲು ನಾಲಿಗೆಯಿಂದ ತೊಳೆಯುತ್ತದೆ ಎನ್ನಬಹುದು. ಹೊಟ್ಟೆ ಸರಿಯಿಲ್ಲದಾಗ ಹುಲ್ಲನ್ನೇ ತಿನ್ನುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಅದರ ದೇಹರಚನೆಯಲ್ಲಿದೆ. 2,4-ಡಿಯಂಥ ಆಮ್ಲಗಳನ್ನು ಮೂತ್ರದ ಮೂಲಕ ಹೊರಹಾಕುವ ಶಕ್ತಿ ನಾಯಿಯ ಮೂತ್ರಪಿಂಡಗಳಿಗೆ ಇತರ ಅನೇಕ ಪ್ರಾಣಿಗಳಿಗಿಂತ ಕಡಿಮೆ; ಆದುದರಿಂದ ಒಳಹೊಕ್ಕದ್ದು ಹೆಚ್ಚು ಕಾಲ ಒಳಗೇ ಉಳಿಯುತ್ತದೆ. ಇಲಿಗೆ ತೊಂದರೆ ಕೊಡದ ಪ್ರಮಾಣ ನಾಯಿಗೂ ಕೊಡದು ಎಂದು ಧೈರ್ಯವಾಗಿ ಹೇಳುವಂತಿಲ್ಲ.

ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಿಲೆಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಹತ್ತನೆಯ ಶತಮಾನದ ನಡುವೆ ಗಂಗರ ಬೂತುಗನು ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಕೊಂದು, ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯನ್ನೂ ಏರ್ಪಡಿಸಿದರು. ಇಂಡಿಯಾನಾದ ನಾಯಿಗಳು ಯಾವ ಹಂದಿಯನ್ನೂ ಕೊಲ್ಲಲಿಲ್ಲ. ಆದರೆ ಅವು ಮನುಷ್ಯನಿಗೆ ಸಲ್ಲಿಸಿದ ಸೇವೆಯೊಂದಿದೆ, ಅದೂ ದಾಖಲೆಗೆ ಅರ್ಹವಾದುದು: ಅವು ಸಾಕ್ಷಿ ನುಡಿದಿವೆ.

ಆ ಸಾಕ್ಷ್ಯದ ಕಥೆ 1991ರಿಂದ ಆರಂಭವಾಗುತ್ತದೆ. ಆ ವರ್ಷ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು, ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿಗೆ ತುತ್ತಾದ 491 ನಾಯಿಗಳ ಯಜಮಾನರನ್ನು ವಿಚಾರಿಸಿ, ವರ್ಷಕ್ಕೆ ನಾಲ್ಕು ಅಥವಾ ಹೆಚ್ಚು ಸಲ 2,4-ಡಿ ಹಾಕುವ ಮನೆಗಳ ನಾಯಿಗಳಿಗೆ ಆ ರೋಗದ ಸಂಭವ ಸುಮಾರು ಎರಡು ಪಟ್ಟೆಂದು ಪ್ರಕಟಿಸಿದರು. ಗದ್ದಲವಾಯಿತು. ಉದ್ಯಮದ ಕಡೆಯ ಪರಿಣತರು ಲೆಕ್ಕದಲ್ಲಿ ತಪ್ಪು ಹುಡುಕಿದರು. 1999ರಲ್ಲಿ ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿದ ಬೇರೆಯವರಿಗೆ ಆ ಸಂಬಂಧ ಕಾಣಿಸಲಿಲ್ಲ. 1994ರ ಒಂದು ಅಧ್ಯಯನ ರೋಗದ ಗೊಡವೆಗೆ ಹೋಗದೆ ಸರಳವಾದ ಪ್ರಶ್ನೆಯನ್ನು ಕೇಳಿತು: ಮದ್ದು ನಾಯಿಯ ಒಳಕ್ಕೆ ಹೋಗುತ್ತದೆಯೇ ಇಲ್ಲವೇ? ಮದ್ದು ಹೊಡೆದ ಹುಲ್ಲಿನ ಮೇಲೆ ಓಡಾಡಿದ 44 ನಾಯಿಗಳಲ್ಲಿ 33ರ ಮೂತ್ರದಲ್ಲಿ 2,4-ಡಿ ಸಿಕ್ಕಿತು. ಮದ್ದು ಹೊಡೆದು ಅಷ್ಟರಲ್ಲಿ ಸರಾಸರಿ ಹತ್ತು ದಿನಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಮುಂದಿನ ಅಧ್ಯಾಯಗಳು ನಡೆದದ್ದು ಅಕ್ಕನ ಸಂಸ್ಥಾನದಲ್ಲೇ ಇರುವ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ. ಸ್ಕಾಟಿಷ್ ಟೆರಿಯರ್ ಎಂಬ ಗಿಡ್ಡಕಾಲಿನ, ಗಡ್ಡದ ನಾಯಿಗಳಿಗೆ ಮೂತ್ರಾಶಯದ ಕ್ಯಾನ್ಸರು ಬರುವ ಸಂಭವ ಇತರ ನಾಯಿಗಳಿಗಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು. ವಂಶದಲ್ಲೇ ಬಂದ ಈ ದೌರ್ಬಲ್ಯವಿರುವ ಕುಲದಲ್ಲಿ ಹೊರಗಿನ ಕಾರಣವೊಂದು ಇದ್ದರೆ ಬೇಗ ಕಣ್ಣಿಗೆ ಬಿದ್ದೀತೆಂಬ ತರ್ಕದಿಂದ ಅಲ್ಲಿನ ಪಶುವೈದ್ಯ ವಿದ್ವಾಂಸರು ರೋಗವಿದ್ದ 83, ಇಲ್ಲದ 83 ನಾಯಿಗಳನ್ನು ಹೋಲಿಸಿ 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಳೆನಾಶಕವನ್ನಷ್ಟೇ ಹಾಕಿದ ಹುಲ್ಲಿನೊಡನೆ ಸಂಪರ್ಕವಿದ್ದ ನಾಯಿಗಳಲ್ಲಿ ರೋಗದ ಸಂಭವ ಸುಮಾರು 3.6 ಪಟ್ಟು, ಕಳೆನಾಶಕ, ಕೀಟನಾಶಕ ಎರಡನ್ನೂ ಹಾಕಿದ ಕಡೆ ಸುಮಾರು 7 ಪಟ್ಟು. ಇದೇ ತಂಡದವರು ಮರುವರ್ಷ ಇನ್ನೊಂದು ಸಂಗತಿಯನ್ನು ಹೇಳಿದರು: ವಾರಕ್ಕೆ ಮೂರು ಸಲವಾದರೂ ಸೊಪ್ಪು ತರಕಾರಿ ತಿನ್ನುವ ಟೆರಿಯರುಗಳಲ್ಲಿ ಈ ರೋಗ ಬಹಳ ಕಡಿಮೆಯಂತೆ. ಇದನ್ನು ಕೇಳಿದ ನನ್ನ ತಾಯಿಗೆ ಆದ ಸಂತೋಷ ಹೇಳತೀರದು.

ಇಂಥ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. 'ಏಳು ಪಟ್ಟು' ಎಂದರೆ ಏಳರಲ್ಲಿ ಆರು ನಾಯಿಗಳು ಸಾಯುತ್ತವೆಂದಲ್ಲ. ಯಜಮಾನರ ನೆನಪನ್ನು ನಂಬಿದ ಅಧ್ಯಯನವಿದು. ನಾಯಿಗೆ ರೋಗ ಬಂದವನು ಹಿಂದಿನದನ್ನು ಹೆಚ್ಚು ಕಕ್ಕುಲತೆಯಿಂದ ನೆನೆಯುತ್ತಾನೆ. ಒಂದು ತಳಿಯ ಮಾತು ಎಲ್ಲ ತಳಿಗಳಿಗೂ ಅನ್ವಯಿಸಬೇಕಾಗಿಲ್ಲ. ಪರ್ಡ್ಯೂವಿನ ವಿದ್ವಾಂಸರು ಇದನ್ನು ಮರೆಮಾಡಲಿಲ್ಲ. ಕಾರ್ಯಕಾರಣ ಸಂಬಂಧ ಇದೆಯೆಂದೋ ಇಲ್ಲವೆಂದೋ ಮುಂದಿನ ಅಧ್ಯಯನಗಳು ತೋರಿಸುವ ತನಕ, ಈ ತಳಿಯ ನಾಯಿಗಳನ್ನು ಇಂಥ ಹುಲ್ಲಿನಿಂದ ದೂರವಿಡಿ ಎಂದಷ್ಟೇ ಅವರು ಸಲಹೆ ಕೊಟ್ಟರು. ಆ 'ತನಕ' ಎಂಬ ಪದವನ್ನು ವಾಚಕರು ನೆನಪಿನಲ್ಲಿಡಬೇಕು. ಇಡೀ ವಿವಾದ ಅದರ ಮೇಲೆಯೇ ನಿಂತಿದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಅದೇ ವಿಶ್ವವಿದ್ಯಾನಿಲಯದಿಂದ 2013ರಲ್ಲಿ ಹೊರಬಂದ ಅಧ್ಯಯನ. ಮದ್ದು ಹೊಡೆಯುವ 25 ಮನೆಗಳನ್ನು ಆರಿಸಿಕೊಂಡರು. ಹೊಡೆದ ಮೇಲೆ 19 ಮನೆಗಳ ನಾಯಿಗಳ ಮೂತ್ರದಲ್ಲಿ ಕಳೆನಾಶಕ ಕಂಡಿತು, ಇದು ಆಶ್ಚರ್ಯವಲ್ಲ. ಹೊಡೆಯುವ ಮೊದಲೇ 14 ಮನೆಗಳ ನಾಯಿಗಳಲ್ಲಿ ಅದು ಇತ್ತು. ಮದ್ದನ್ನೇ ಹೊಡೆಯದ 8 ಮನೆಗಳನ್ನು ನೋಡಿದರೆ ಅವುಗಳಲ್ಲಿಯೂ 4 ಮನೆಗಳ ನಾಯಿಗಳಲ್ಲಿ ಇತ್ತು! ಹೊಡೆಯದ ಹುಲ್ಲಿನ ಮೇಲೂ ಮದ್ದಿನ ಅಂಶ ದೊರೆಯಿತು. ಅದು ನೆರೆಮನೆಯಿಂದ ಗಾಳಿಯಲ್ಲಿ ಬಂದಿರಬೇಕು, ಇಲ್ಲವೇ ಬೆಳಗಿನ ಸುತ್ತಾಟದಲ್ಲಿ ನಾಯಿಯ ಕಾಲಿಗೆ ಅಂಟಿರಬೇಕು. ಹುಲ್ಲಿನ ಮೇಲಿನ ಶೇಷ ಕಡೆಯ ಪಕ್ಷ 48 ಗಂಟೆ, ಒಣ ಹುಲ್ಲಿನಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುವುದೂ ಕಂಡುಬಂತು. ಬಾವುಟ ಹೇಳುವ 'ಒಣಗುವವರೆಗೆ' ಎಂಬ ಅವಧಿ ಕೆಲವು ಗಂಟೆಗಳದು.

ಹಾಗಾದರೆ ನಾಯಿಯನ್ನು ಸಾಕಿದವರು ಮಾಡಬಹುದಾದುದೇನು? ಬಹಳವಿದೆ, ಮತ್ತು ಹೆಚ್ಚಿನದು ಸುಲಭ. ಸ್ವಂತ ನೆಲಕ್ಕೆ ಹೊಡೆಯದಿರುವುದು ಮೊದಲನೆಯದು. ಹುಲ್ಲನ್ನು ಮೂರಂಗುಲಕ್ಕಿಂತ ಕೆಳಗೆ ಕತ್ತರಿಸದಿದ್ದರೆ ಅದೇ ನೆರಳು ಕೊಟ್ಟು ಕಳೆಯನ್ನು ಅಡಗಿಸುತ್ತದೆ. ಡ್ಯಾಂಡೆಲಯನ್ ಗಿಡವನ್ನು ಮಳೆ ಬಂದ ಮರುದಿನ ಉದ್ದನೆಯ ಚಾಣದಂಥ ಸಲಕರಣೆಯಿಂದ ಬೇರುಸಹಿತ ಎತ್ತಬಹುದು. ಕ್ಲೋವರನ್ನು ಮತ್ತೆ ಬಿತ್ತುವವರೂ ಈಗ ಹೆಚ್ಚುತ್ತಿದ್ದಾರೆ. ಹೊಡೆಯಲೇಬೇಕಾದಾಗ ಗಾಳಿಯಿಲ್ಲದ ದಿನ ನೋಡಿ, ಇಡೀ ಹಾಸಿಗೆ ಎರಚದೆ ಬೇಕಾದ ಗಿಡಕ್ಕಷ್ಟೇ ತಾಗಿಸಿ, ನಾಯಿಯ ನೀರಿನ ಬಟ್ಟಲು, ಚೆಂಡು, ಮೂಳೆಗಳನ್ನು ಮೊದಲೇ ಒಳಗಿಟ್ಟು, ಎರಡು ದಿನವಾದರೂ ನಾಯಿಯನ್ನು ದೂರವಿಡಬೇಕು. ಸುತ್ತಾಟದಿಂದ ಬಂದೊಡನೆ ಕಾಲು ತೊಳೆಯಬೇಕು. ಬಸವನಹುಳುಗಳನ್ನು ಕೊಲ್ಲಲು ಇಡುವ ಮೆಟಾಲ್ಡಿಹೈಡ್ ಗುಳಿಗೆ ಕಳೆನಾಶಕವಲ್ಲ, ಆದರೆ ಅದಕ್ಕಿಂತ ಎಷ್ಟೋ ಬೇಗ ನಾಯಿಯನ್ನು ಕೊಲ್ಲುತ್ತದೆ; ಅದರ ರುಚಿ ನಾಯಿಗೆ ಹಿಡಿಸುತ್ತದೆ, ತಿಂದ ಸ್ವಲ್ಪ ಹೊತ್ತಿಗೇ ನಡುಕ, ಸೆಳವು ಆರಂಭವಾಗುತ್ತವೆ. ಬ್ರಿಟನ್ನಿನಲ್ಲಿ 2022ರ ಮಾರ್ಚ್ ಅಂತ್ಯದಿಂದ ಹೊರಾಂಗಣದಲ್ಲಿ ಅದರ ಬಳಕೆಯನ್ನೇ ನಿಷೇಧಿಸಿದ್ದಾರೆ. ಅಂಥ ಅನುಮಾನ ಬಂದರೆ ಮನೆಮದ್ದಿಗೆ ಕಾಯದೆ, ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಪಶುವೈದ್ಯರಲ್ಲಿಗೆ ಓಡಬೇಕು. ಡಬ್ಬಿಯ ಹೆಸರನ್ನು ನಂಬಿ ಮೋಸಹೋಗಬಾರದು. ಅಮೆರಿಕದ ಮನೆಬಳಕೆಯ 'ರೌಂಡಪ್' ಡಬ್ಬಿಯಿಂದ 2023ರ ಹೊತ್ತಿಗೆ ಗ್ಲೈಫೋಸೇಟನ್ನು ತೆಗೆದು ಬೇರೆ ರಾಸಾಯನಿಕಗಳನ್ನು ತುಂಬಿದರು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಇದು ಸುರಕ್ಷತೆಯ ಚಿಂತೆಯಿಂದಲ್ಲ, ಮೊಕದ್ದಮೆಗಳ ಭಯದಿಂದ ಎಂದು ಕಂಪನಿಯೇ ಹೇಳಿಕೊಂಡಿದೆ.

ಇಲ್ಲಿ ಒಂದು ಉಪಕಥೆ. ಹುಲ್ಲಿಗೆ ಹಾಕಿದ 2,4-ಡಿ ಮನೆಯೊಳಗೆ ಹೇಗೆ ಬರುತ್ತದೆಂದು ಅಮೆರಿಕದ ಸಂಶೋಧಕರು ಅಳೆದು ನೋಡಿ 2001ರಲ್ಲಿ ಪ್ರಕಟಿಸಿದರು. ಹೊತ್ತು ತರುವವರಲ್ಲಿ ಮುಖ್ಯರು ಇಬ್ಬರು: ಹೊರಗೆ ಓಡಾಡುವ ನಾಯಿ, ಮತ್ತು ಮದ್ದು ಹೊಡೆದವನ ಬೂಟು. ಬೂಟನ್ನು ಹೊಸಿಲಿನಾಚೆ ಬಿಟ್ಟರೆ ಮನೆಯೊಳಗಿನ ಪ್ರಮಾಣ ಬಹಳ ತಗ್ಗುತ್ತದೆ. ಅಂದರೆ ನಾಯಿ ತಾನೊಂದೇ ಅನುಭವಿಸುವುದಿಲ್ಲ. ಜಮಖಾನೆಯ ಮೇಲೆ ಅಂಬೆಗಾಲಿಡುವ ಮಗುವಿಗೂ ಪಾಲು ತಂದುಕೊಡುತ್ತದೆ. ಹೊಸಿಲ ಬಳಿ ಚಪ್ಪಲಿ ಬಿಟ್ಟು ಕಾಲು ತೊಳೆದು ಒಳಗೆ ಬರುವ ನಮ್ಮ ಹಳೆಯ ಪದ್ಧತಿಯನ್ನು ಅಕ್ಕ ಅಲ್ಲಿಯೂ ಬಿಟ್ಟಿಲ್ಲ. ನಾಯಿಗೂ ಅದನ್ನು ವಿಸ್ತರಿಸಿದ್ದಾಳೆ, ಅಷ್ಟೆ.

ಆದರೆ ಆ 8 ಮನೆಗಳ ಪೈಕಿ 4 ಎಂಬ ಅಂಕಿ ಮತ್ತೆ ಎದುರು ನಿಲ್ಲುತ್ತದೆ. ಎಲ್ಲ ಎಚ್ಚರಿಕೆಯನ್ನೂ ವಹಿಸಿ, ಸ್ವಂತ ನೆಲಕ್ಕೆ ಒಂದು ಹನಿಯನ್ನೂ ಹಾಕದ ಮನೆಯ ನಾಯಿಗೂ ಮದ್ದು ಮುಟ್ಟುವುದಾದರೆ, ಇದು ಯಜಮಾನನ ಜಾಗರೂಕತೆಯಿಂದ ತೀರುವ ಸಮಸ್ಯೆಯಲ್ಲ. ಬೇಲಿ ನಾಯಿಯನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಅಲ್ಲಿಂದ ಮುಂದೆ ಅದು ಊರಿನ ವಿಷಯ, ಕಾನೂನಿನ ವಿಷಯ.

ಈ ಮಾತನ್ನು ಮೊದಲು ಕೇಳಿದ ಊರು ಕೆನಡಾದ ಕ್ವಿಬೆಕ್ ಪ್ರಾಂತದ ಹಡ್ಸನ್. ಮಾಂಟ್ರಿಯಲ್ ನಗರದ ಪಶ್ಚಿಮಕ್ಕಿರುವ, ಐದು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಜನವಿದ್ದ ಪುಟ್ಟ ಊರು. ಅಲ್ಲಿ ಜೂನ್ ಇರ್ವಿನ್ ಎಂಬ ಚರ್ಮವೈದ್ಯೆ ಇದ್ದರು. ತಮ್ಮಲ್ಲಿಗೆ ಬರುವ ರೋಗಿಗಳ ತೊಂದರೆಗಳಿಗೂ ಹುಲ್ಲುಹಾಸಿನ ಮದ್ದಿಗೂ ಸಂಬಂಧವಿದೆಯೆಂದು ಅವರಿಗೆ ಅನಿಸಿತು. 1985ರಿಂದ ಅವರು ಪಟ್ಟಣಸಭೆಗೆ ಹೋಗಿ ಎದ್ದು ನಿಂತು ತಮ್ಮ ಪತ್ರವನ್ನು ಓದತೊಡಗಿದರು. ಮುಂದಿನ ಸಭೆಯಲ್ಲಿ ಮತ್ತೆ. ಅದರ ಮುಂದಿನದರಲ್ಲಿ ಮತ್ತೆ. ಹೀಗೆ ಆರು ವರ್ಷ! ಸಭೆಯ ಸದಸ್ಯರು ಎಷ್ಟು ಸಲ ಗಡಿಯಾರ ನೋಡಿಕೊಂಡರೋ! 1991ರಲ್ಲಿ ಹಡ್ಸನ್ ಪಟ್ಟಣಸಭೆ ಉಪನಿಯಮವೊಂದನ್ನು ಮಾಡಿ, ಕೇವಲ ಅಂದಕ್ಕಾಗಿ ಪೀಡೆನಾಶಕಗಳನ್ನು ಬಳಸುವುದನ್ನು ನಿಷೇಧಿಸಿತು. ರೈತರಿಗೆ ಅದು ಅಡ್ಡಬರಲಿಲ್ಲ. ಮನುಷ್ಯರಿಗೆ ಅಪಾಯ ತರುವ ಗಿಡ ಕೀಟಗಳ ವಿಷಯದಲ್ಲಿ ವಿನಾಯಿತಿ ಇತ್ತು. ಮರುವರ್ಷ, ಮದ್ದು ಹೊಡೆಯುವ ಎರಡು ಕಂಪನಿಗಳ ಮೇಲೆ ಉಪನಿಯಮ ಮುರಿದ ಆಪಾದನೆ ಬಂತು. ಊರಿಗೆ ಇಂಥ ಅಧಿಕಾರವೇ ಇಲ್ಲವೆಂದು ಅವು ನ್ಯಾಯಾಲಯಕ್ಕೆ ಹೋದವು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತು, ಕೆನಡಾದ ಸುಪ್ರೀಂ ಕೋರ್ಟಿಗೆ ಹೋಗಿ, 2001ರ ಜೂನ್ 28ರಂದು ಅಲ್ಲಿಯೂ ಸೋತವು. ಜನರಿಗೆ ಅತ್ಯಂತ ಹತ್ತಿರದಲ್ಲಿರುವ ಆಡಳಿತವೇ ಇಂಥ ನಿರ್ಣಯಗಳಿಗೆ ಯೋಗ್ಯವೆಂದೂ, ಹಾನಿ ಪೂರ್ತಿ ಸಿದ್ಧವಾಗುವ ಮೊದಲೇ ಎಚ್ಚರಿಕೆ ವಹಿಸುವುದು ಅಂತರರಾಷ್ಟ್ರೀಯ ನ್ಯಾಯದ ಧೋರಣೆಗೆ ಹೊಂದುವುದೆಂದೂ ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಕ್ಲೇರ್ ಲ'ಹ್ಯೂರೊ-ದುಬೇ ಹೇಳಿದರು. ಇರ್ವಿನ್ 2017ರಲ್ಲಿ ತೀರಿಕೊಂಡರು. ನಾಯಿಗಳ ರಕ್ಷಣೆ ಅವರ ಮನಸ್ಸಿನಲ್ಲಿದ್ದ ಮುಖ್ಯ ವಿಷಯವಾಗಿರಲಿಲ್ಲ. ಆದರೆ ಅವರಿಂದ ನಾಯಿಗಳಿಗಾದಷ್ಟು ಉಪಕಾರ ಯಾವ ಪ್ರಾಣಿದಯಾ ಸಂಘದಿಂದಲೂ ಆಗಿರಲಾರದು.

ತೀರ್ಪಿನ ಬೆನ್ನಿಗೆ ಕ್ವಿಬೆಕ್ ಪ್ರಾಂತವೇ 2003ರಲ್ಲಿ ನಿಯಮ ಮಾಡಿ 2,4-ಡಿ ಸೇರಿ 20 ರಾಸಾಯನಿಕಗಳನ್ನು ಹುಲ್ಲುಹಾಸಿನಿಂದ ಹೊರಗಿಟ್ಟಿತು. ಆಂಟೇರಿಯೋ ಪ್ರಾಂತದಲ್ಲಿ 2009ರ ಏಪ್ರಿಲ್ 22ರಿಂದ ಅಂಥದೇ ನಿಷೇಧ ಜಾರಿಗೆ ಬಂತು. ಅಲ್ಲಿನ ಪಟ್ಟಣಗಳ ಹಳ್ಳತೊರೆಗಳಲ್ಲಿ ಆ ಕಳೆನಾಶಕಗಳ ಪ್ರಮಾಣ ಗಮನಾರ್ಹವಾಗಿ ಇಳಿಯಿತು. ಕಂಪನಿಗಳೂ ಸುಮ್ಮನಿರಲಿಲ್ಲ. ಕ್ವಿಬೆಕಿನ ನಿಷೇಧ ವ್ಯಾಪಾರ ಒಪ್ಪಂದಕ್ಕೆ ವಿರುದ್ಧವೆಂದು ಡೌ ಕಂಪನಿ 2008ರಲ್ಲಿ ತಕರಾರು ಹೂಡಿತು. 2011ರಲ್ಲಿ ರಾಜಿಯಾಯಿತು: ಹಣ ಕೊಡಬೇಕಾಗಲಿಲ್ಲ, ನಿಷೇಧ ಉಳಿಯಿತು, ಆದರೆ ಲೇಬಲಿನಂತೆ ಬಳಸಿದರೆ 2,4-ಡಿಯಿಂದ ಒಪ್ಪಲಾಗದ ಅಪಾಯವೇನೂ ಇಲ್ಲವೆಂಬ ಮಾತನ್ನು ಸರ್ಕಾರ ಒಪ್ಪಿಕೊಳ್ಳಬೇಕಾಯಿತು. ಇದನ್ನು ಕೆಲವರು ಸೋಲೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ವಸ್ತು ಒಪ್ಪಲಾಗದಷ್ಟು ಅಪಾಯಕಾರಿಯಲ್ಲ ಎನ್ನುವುದು ಬೇರೆ, ಅದು ಬೇಕು ಎನ್ನುವುದು ಬೇರೆ. ಭತ್ತದ ಗದ್ದೆಯ ಕಳೆಗೆ ಮದ್ದು ಹಾಕುವವನು ಅನ್ನದ ಲೆಕ್ಕವನ್ನಾದರೂ ಮುಂದಿಡಬಲ್ಲ. ಹಳದಿ ಹೂವೊಂದು ಕಣ್ಣಿಗೆ ಬೀಳಬಾರದೆಂದು ಹಾಕುವವನು ಯಾವ ಲೆಕ್ಕವನ್ನು ಮುಂದಿಡುತ್ತಾನೆ? ಲಾಭ ಇಷ್ಟು ಹಗುರವಾಗಿದ್ದಾಗ ಸಂದೇಹದ ಭಾರವನ್ನು ಮದ್ದು ಹೊಡೆಯುವವನು ಹೊರಬೇಕೇ ಹೊರತು ನೆರೆಮನೆಯ ನಾಯಿಯಲ್ಲ.

ಅಮೆರಿಕ ಹಿಡಿದ ದಾರಿ ಇದಕ್ಕೆ ತೀರ ವಿರುದ್ಧ. ವಿಚಿತ್ರವೆಂದರೆ ಹಡ್ಸನ್ನಿನ ಉಪನಿಯಮ ಹುಟ್ಟಿದ 1991ರಲ್ಲಿಯೇ ಅಮೆರಿಕದ ಸುಪ್ರೀಂ ಕೋರ್ಟು ಕೂಡ, ವಿಸ್ಕಾನ್ಸಿನ್ ಸಂಸ್ಥಾನದ ಕೇಸಿ ಎಂಬ ಊರಿನ ಮೊಕದ್ದಮೆಯಲ್ಲಿ, ಊರುಗಳು ಇಂಥ ನಿಯಮ ಮಾಡುವುದನ್ನು ಕೇಂದ್ರದ ಕಾನೂನು ತಡೆಯುವುದಿಲ್ಲವೆಂದು ತೀರ್ಪಿತ್ತಿತು. ಊರುಗಳು ಗೆದ್ದವು. ಆದರೆ ಕೇಂದ್ರದ ಕಾನೂನು ತಡೆಯದಿದ್ದರೆ ಸಂಸ್ಥಾನಗಳ ಕಾನೂನು ತಡೆಯಬಹುದಷ್ಟೆ. ಉದ್ಯಮದವರು ಸಂಸ್ಥಾನಗಳ ಶಾಸನಸಭೆಗಳ ಬಾಗಿಲು ತಟ್ಟಿದರು. ನಲವತ್ತಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ, ಪೀಡೆನಾಶಕದ ವಿಷಯದಲ್ಲಿ ಊರುಗಳು ಸ್ವಂತ ನಿಯಮ ಮಾಡದಂತೆ ಕಟ್ಟುಬಿತ್ತು. ಇಂಡಿಯಾನಾ ಅವುಗಳಲ್ಲೊಂದು. ಅಕ್ಕ ಇರುವ ಊರಿನಲ್ಲಿ ಒಬ್ಬ ಜೂನ್ ಇರ್ವಿನ್ ಹುಟ್ಟಿ ಅರುವತ್ತು ವರ್ಷ ಪತ್ರ ಓದಿದರೂ ಪಟ್ಟಣಸಭೆ ಸಹಾನುಭೂತಿಯಿಂದ ತಲೆಯಾಡಿಸಬಹುದಲ್ಲದೆ ಮತ್ತೇನನ್ನೂ ಮಾಡುವಂತಿಲ್ಲ. ಮೇರಿಲ್ಯಾಂಡಿನಂಥ ಕೆಲವು ಸಂಸ್ಥಾನಗಳಲ್ಲಿ ಮಾತ್ರ ಬಾಗಿಲು ತೆರೆದಿದೆ. ಅಲ್ಲಿನ ಮಾಂಟ್ಗೊಮರಿ ಕೌಂಟಿ 2015ರಲ್ಲಿ ಮಾಡಿದ ನಿಷೇಧವನ್ನು ಒಂದು ನ್ಯಾಯಾಲಯ ಹೊಡೆದುಹಾಕಿದರೂ 2019ರಲ್ಲಿ ಮೇಲಿನ ನ್ಯಾಯಾಲಯ ಎತ್ತಿಹಿಡಿಯಿತು.

ನಮ್ಮ ದೇಶದ ಮಾತನ್ನು ಬಹಳ ಬೆಳೆಸುವುದಿಲ್ಲ. ಹುಲ್ಲುಹಾಸು ನಮ್ಮಲ್ಲಿ ಇನ್ನೂ ಅಪಾರ್ಟ್‌ಮೆಂಟುಗಳ, ಕಚೇರಿಗಳ, ಉದ್ಯಾನಗಳ ವೈಭವ. ಆದರೆ 2,4-ಡಿ ಹೊಲಗದ್ದೆಗಳಿಗೆ ಬಹು ಹಿಂದೆಯೇ ಬಂದಿದೆ. ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ ನಿಷೇಧಿಸಲು ಯೋಚಿಸಿ ಪ್ರಕಟಿಸಿದ 27 ಪೀಡೆನಾಶಕಗಳ ಕರಡು ಪಟ್ಟಿಯಲ್ಲಿ ಅದರ ಹೆಸರೂ ಇತ್ತು. 2023ರಲ್ಲಿ ಅಂತಿಮ ಆದೇಶ ಹೊರಟಾಗ ಪೂರ್ತಿಯಾಗಿ ನಿಷೇಧಕ್ಕೆ ಒಳಗಾದವು ಮೂರೇ, 2,4-ಡಿ ಅವುಗಳಲ್ಲಿಲ್ಲ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬರಿಗಾಲಿನಲ್ಲಿ ಮದ್ದು ಹೊಡೆಯುವ ಮಾಲಿಯನ್ನು ನಾನು ನಮ್ಮ ಕಡೆಯ ಉದ್ಯಾನವೊಂದರಲ್ಲಿ ಕಂಡಿದ್ದೇನೆ. ಅವನ ಡಬ್ಬಿಯಲ್ಲಿ ಏನಿತ್ತೆಂದು ಅವನಿಗೂ ತಿಳಿದಿರಲಿಲ್ಲ. ಅವನು ಅತ್ತ ಹೋದೊಡನೆ ಬೀದಿನಾಯಿಯೊಂದು ಬಂದು ತಣ್ಣಗಿದೆಯೆಂದು ಅದೇ ಹುಲ್ಲಿನ ಮೇಲೆ ಮಲಗಿತು. ಅಲ್ಲಿ ಬಾವುಟವೂ ಇರಲಿಲ್ಲ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಅವಳ ಬಡಾವಣೆಯ ಮನೆಯೊಡೆಯರ ಸಂಘದಿಂದ ಪತ್ರ ಬಂದಿದೆಯಂತೆ: ನಿಮ್ಮ ಹುಲ್ಲುಹಾಸಿನಲ್ಲಿ ಡ್ಯಾಂಡೆಲಯನ್ ಹೆಚ್ಚಾಗಿದೆ, ಕ್ರಮ ಕೈಗೊಳ್ಳಿ, ಇಲ್ಲವಾದರೆ ದಂಡ. ಉತ್ತರದ ಕರಡನ್ನು ನನಗೆ ಕಳಿಸಿ ತಿದ್ದಿಕೊಡೆಂದಳು. ಈ ಮದ್ದುಗಳಿಂದ ನಾಯಿಗಳಿಗೆ ಕ್ಯಾನ್ಸರ್ ಬರುತ್ತದೆ ಎಂದು ಅವಳು ಬರೆದಿದ್ದಳು. ಆ ವಾಕ್ಯವನ್ನು ಹೊಡೆದುಹಾಕಿ, ನಮ್ಮದೇ ಸಂಸ್ಥಾನದ ವಿಶ್ವವಿದ್ಯಾನಿಲಯದವರು ಮದ್ದು ಹೊಡೆಯದ ಮನೆಗಳ ನಾಯಿಗಳಲ್ಲಿಯೂ ಇದನ್ನು ಕಂಡಿದ್ದಾರೆ, ನನ್ನ ನಾಯಿಯ ಮೂತ್ರವನ್ನು ಪರೀಕ್ಷಿಸಿದರೆ ಸಂಘದ ಅಭ್ಯಂತರವೇನಾದರೂ ಉಂಟೇ ಎಂದು ಬರೆದುಕೊಟ್ಟೆ. "ಇದು ಮೆತ್ತಗಾಯಿತಲ್ಲೋ" ಎಂದಳು. "ಮೆತ್ತಗಿರಲಿ ಅಕ್ಕಾ, ಇದಕ್ಕೆ ಅವರು ಉತ್ತರ ಕೊಡಬೇಕಾಗುತ್ತದೆ" ಎಂದೆ. ಸಂಘದ ಸಭೆ ಮುಂದಿನ ತಿಂಗಳ ಎರಡನೆಯ ವಾರದಲ್ಲಿದೆ. ಅಷ್ಟರೊಳಗೆ ಕೈಯಿಂದಲೇ ಎಷ್ಟು ಗಿಡ ಕೀಳಲು ಸಾಧ್ಯವೋ ಅಷ್ಟನ್ನು ಅವಳೂ ಭಾವನವರೂ ಸಂಜೆ ಹೊತ್ತು ಕೀಳುತ್ತಿದ್ದಾರಂತೆ. ನಾಯಿ ಪಕ್ಕದಲ್ಲಿ ಮಣ್ಣು ಕೆದರಿ ಸಹಾಯ ಮಾಡುತ್ತಿದೆಯಂತೆ.